ರೆಕಾರ್ಡಿನ ಒಂದು ಬದಿ ಪೂರ್ತಿ ಕೇಳುವವರೇ, ಹೊಸ ಸಂಗೀತ ಹೇಗೆ ಹುಡುಕುತ್ತೀರಿ?

ಕಪ್ಪುತಟ್ಟೆ:

ಎಲ್ಲರಿಗೂ ನಮಸ್ಕಾರ. ಯಾವ ಟರ್ನ್‌ಟೇಬಲ್ ತಗೊಳ್ಳಲಿ ಅಂತ ಕೇಳುವುದಕ್ಕೆ ಬಂದಿಲ್ಲ. ಟರ್ನ್‌ಟೇಬಲ್ ಇದೆ, ಎರಡು ವರ್ಷದಿಂದ ಚೆನ್ನಾಗಿಯೇ ತಿರುಗುತ್ತಿದೆ. ರೆಕಾರ್ಡುಗಳು 38 ಇವೆ. ಅರ್ಧಕ್ಕೂ ಹೆಚ್ಚು ಪರಿಚಯದವರು ಮನೆ ಖಾಲಿ ಮಾಡುವಾಗ ಕೊಟ್ಟ ಪೆಟ್ಟಿಗೆಯಲ್ಲಿ ಬಂದವು. ಆದರೆ ನಾನು ಹಾಕುವುದು ಆರೋ ಏಳೋ ಅಷ್ಟೇ. ಮಿಕ್ಕವು ಸುಮ್ನೆ ನಿಂತಿವೆ.

ಯಾಕೆ ಹೀಗಾಯಿತು ಅಂತ ಕೂತು ಯೋಚಿಸಿದೆ. ಯಾವುದೇ ಹೊಸ ಸಂಗೀತವಾದರೂ ಮೊದಲು ಫೋನಿನಲ್ಲಿ ಕೇಳಿ ನೋಡುವುದು ನನ್ನ ಅಭ್ಯಾಸ. ಅರ್ಧ ನಿಮಿಷದಲ್ಲಿ ಹಿಡಿಸದಿದ್ದರೆ ಬೆರಳು ತಾನಾಗಿ ಮುಂದಕ್ಕೆ ತಳ್ಳುತ್ತದೆ. ಆ್ಯಪ್ ಕೂಡ ನನಗೆ ಈಗಾಗಲೇ ಇಷ್ಟವಾದದ್ದರ ತಮ್ಮನನ್ನೋ ತಂಗಿಯನ್ನೋ ತಂದು ನಿಲ್ಲಿಸುತ್ತದೆ. ಕೇಳಿದ ಹಾಡು ಸಾವಿರ ದಾಟಿರಬಹುದು, ಮನಸ್ಸಿನಲ್ಲಿ ಉಳಿದದ್ದು ತುಂಬಾ ಕಡಿಮೆ.

ಹೋದ ವಾರ ಒಂದು ಸಂಜೆ ಫೋನ್ ಒಳಗಿನ ಕೋಣೆಯಲ್ಲಿ ಚಾರ್ಜಿಗೆ ಇತ್ತು. ಕೈಗೆ ಸಿಕ್ಕ ರೆಕಾರ್ಡ್ ಹಾಕಿದೆ. ಪಿಯಾನೋ, ಬೇಸ್, ಡ್ರಮ್ಸ್, ಮೂವರೇ. ಹಿಂದೊಮ್ಮೆ ಹಾಕಿ ಬೇಜಾರಾಗಿ ತೆಗೆದಿಟ್ಟಿದ್ದೆ. ಎದ್ದು ತೆಗೆಯಲು ಸೋಮಾರಿತನ, ಹಾಗಾಗಿ ಬಿಟ್ಟೆ. ಮೂರನೇ ತುಣುಕಿನ ನಡುವೆ ಪಿಯಾನೋ ನಿಂತು ಬೇಸ್ ಒಂದೇ ಉಳಿಯಿತು. ಆ ದಪ್ಪ ತಂತಿಯ ಮೇಲೆ ಬೆರಳು ಜಾರುವ ಸದ್ದು ಕೇಳಿಸಿತು. ಸ್ವರಕ್ಕಿಂತ ಮೊದಲು ಚರ್ಮ ತಂತಿಗೆ ಉಜ್ಜುವ ಸಣ್ಣ ಸರ್ ಅನ್ನುವ ಸದ್ದು. ಆಮೇಲೆ ಸ್ವರ. ನಾನು ಆ ಬದಿಯನ್ನು ಅದೇ ಸಂಜೆ ಮೂರು ಸಲ ಕೇಳಿದೆ. 14 ತಿಂಗಳು ನನ್ನ ಕಪಾಟಿನಲ್ಲೇ ಇತ್ತು ಆ ರೆಕಾರ್ಡು!

ಅದಕ್ಕೇ ಈ ಪ್ರಶ್ನೆ. ನೀವು ಹೊಸದನ್ನು ಹುಡುಕುವುದು ಹೇಗೆ? ಸಿಕ್ಕಿದ ಮೇಲೆ ಅದರ ಜೊತೆ ಹೇಗೆ ಕೂರುತ್ತೀರಿ?

ಇನ್ನೊಂದು ಸಣ್ಣ ತೊಂದರೆ. ಬಹಳಷ್ಟು ರೆಕಾರ್ಡುಗಳಲ್ಲಿ ಬದಿಯ ಕೊನೆಯ ಹಾಡು ಸೀಳಿದ ಹಾಗೆ ಕೇಳುತ್ತದೆ. ‘ಸ’, ‘ಶ’ ಬಂದಾಗಲೆಲ್ಲ ಉಗುಳಿದಂತೆ ಆಗುತ್ತದೆ. ಮೊದಲ ಹಾಡಿನಲ್ಲಿ ಇಲ್ಲ. ಯಾಕಿರಬಹುದು?

ಮಂದ್ರ:

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನಿಮ್ಮ ಕೈಯಲ್ಲೇ ಇದೆ. ರೆಕಾರ್ಡಿನ ರಟ್ಟಿನ ಜಾಕೆಟ್ ಹಿಂದೆ ತಿರುಗಿಸಿ. ಮುಖಪುಟದ ದೊಡ್ಡ ಹೆಸರು ಬಿಡಿ. ಹಿಂದುಗಡೆ ಸಣ್ಣ ಅಕ್ಷರದಲ್ಲಿ ಯಾರ್ಯಾರು ಏನೇನು ನುಡಿಸಿದ್ದಾರೆ ಅಂತ ಇರುತ್ತದಲ್ಲ, ಅದನ್ನು ಓದಿ. ನಿಮಗೆ ಬೇಸ್ ಹಿಡಿಸಿತು ಅಂದರೆ ಬೇಸ್ ನುಡಿಸಿದವರ ಹೆಸರು ಹಿಡಿದು ಹೊರಡಿ.

ನಾನು ಹೀಗೆ ಹಿಡಿದ ಮೊದಲ ಹೆಸರು ರಾನ್ ಕಾರ್ಟರ್. 1937ರಲ್ಲಿ ಹುಟ್ಟಿದವರು. ಮೊದಲು ಕಲಿತದ್ದು ಚೆಲ್ಲೋ, ಆಮೇಲೆ ಬೇಸ್‌ಗೆ ಬಂದರು. 60ರ ದಶಕದಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಐವರ ತಂಡದಲ್ಲಿದ್ದರು ಅನ್ನುವುದು ಜಾಜ್ ಕೇಳುವ ಎಲ್ಲರಿಗೂ ಗೊತ್ತು. ಆದರೆ ಹೆಸರಿನ ಬಾಲ ಹಿಡಿದು ಹೋದರೆ ಎಲ್ಲೆಲ್ಲಿಗೆ ಹೋಗುತ್ತೀರಿ ನೋಡಿ. 1967ರಲ್ಲಿ ಬ್ರೆಜಿಲ್‌ನ ಆಂಟೋನಿಯೋ ಕಾರ್ಲೋಸ್ ಜೋಬಿಮ್ ಜೊತೆ ಇದ್ದಾರೆ. 1969ರಲ್ಲಿ ಗಾಯಕಿ ರಾಬರ್ಟಾ ಫ್ಲ್ಯಾಕ್ ಅವರ ಮೊದಲ ಎಲ್‌ಪಿಯಲ್ಲಿದ್ದಾರೆ (ಎಲ್‌ಪಿ ಅಂದರೆ ಬದಿಗೆ 20 ನಿಮಿಷದಷ್ಟು ಓಡುವ ದೊಡ್ಡ ರೆಕಾರ್ಡ್). 1991ರಲ್ಲಿ ಹಿಪ್‌ಹಾಪ್ ತಂಡ ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ಜೊತೆ ಇದ್ದಾರೆ! ಒಬ್ಬ ಮನುಷ್ಯನ ಬೆರಳು ಹಿಡಿದು ಮೂರು ಬೇರೆ ಲೋಕ. ಹಿಪ್‌ಹಾಪ್ ಅಂದರೆ ಮೈಲಿ ದೂರ ಓಡುತ್ತಿದ್ದ ನಾನು ಇವತ್ತು ಅದನ್ನು ಪ್ರೀತಿಯಿಂದ ಕೇಳುತ್ತೇನೆ. ಕಾರಣ ಅವರು.

2015ರಲ್ಲಿ ಅವರ ಹೆಸರು ಗಿನ್ನೆಸ್ ದಾಖಲೆಗೆ ಸೇರಿತು, 2,221 ಧ್ವನಿಮುದ್ರಣಗಳಿಗೆ. ಹಾಗಾಗಿ ಹುಡುಕುವುದಕ್ಕೆ ಕೆಲಸ ಕಡಿಮೆ ಏನೂ ಬೀಳುವುದಿಲ್ಲ.

ಸೂಜಿಮೊನೆ:

ಎರಡನೇ ಪ್ರಶ್ನೆಗೆ ಉತ್ತರ ನನ್ನದು. ನಿಮ್ಮ ಕಿವಿ ಸರಿಯಾಗಿದೆ, ನೀವು ಕೇಳುತ್ತಿರುವುದು ನಿಜ.

ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 1.8 ಸೆಕೆಂಡ್. ಹೊರಗಿನ ಅಂಚಿನಲ್ಲಿ ಆ 1.8 ಸೆಕೆಂಡಿನ ಸಂಗೀತಕ್ಕೆ ಸುಮಾರು 90 ಸೆಂ.ಮೀ. ಉದ್ದದ ಗೆರೆ ಸಿಗುತ್ತದೆ. ಲೇಬಲ್ ಹತ್ತಿರ ಬಂದಾಗ ಅಷ್ಟೇ ಸಂಗೀತ 40 ಸೆಂ.ಮೀ.ಗಿಂತ ಕಡಿಮೆ ಜಾಗದಲ್ಲಿ ಮುದುರಿಕೊಂಡಿರುತ್ತದೆ. ‘ಸ’ಕಾರದ ಅಲೆಗಳು ಮೊದಲೇ ತುಂಬಾ ಒತ್ತೊತ್ತು. ಅಲ್ಲಿ ಸೂಜಿಯ ಮೊನೆ ಆ ತಿರುವುಗಳಿಗಿಂತ ದಪ್ಪ ಆಗಿಬಿಡುತ್ತದೆ. ತಿರುವಿನೊಳಗೆ ಇಳಿಯಲಾಗದೆ ಉಜ್ಜಿಕೊಂಡು ಹೋಗುತ್ತದೆ. ಅದೇ ನಿಮಗೆ ಸೀಳಿದ ಹಾಗೆ ಕೇಳುವುದು.

ಇದನ್ನು ಪೂರ್ತಿ ಹೋಗಲಾಡಿಸಲು ಆಗುವುದಿಲ್ಲ. ಆದರೆ ಬಹಳ ಮಟ್ಟಿಗೆ ಇಳಿಸಬಹುದು. ಮೊದಲು ಸೂಜಿಯನ್ನೇ ನೋಡಿ. ಮೊನೆಗೆ ಅಂಟಿದ ಧೂಳಿನ ಉಂಡೆ ಕಣ್ಣಿಗೆ ಕಾಣುವಷ್ಟು ದೊಡ್ಡದಿರಬಹುದು. ಮೃದುವಾದ ಬ್ರಶ್ಶಿನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಒರೆಸಿ, ಅಡ್ಡಡ್ಡ ಬೇಡ. ಆಮೇಲೆ ಸೂಜಿ ರೆಕಾರ್ಡ್ ಮೇಲೆ ಹಾಕುವ ಭಾರ. ಕಾರ್ಟ್ರಿಜ್, ಅಂದರೆ ತೋಳಿನ ತುದಿಯಲ್ಲಿ ಸೂಜಿ ಹಿಡಿದಿರುವ ಪುಟ್ಟ ಭಾಗ, ಅದರ ತಯಾರಕರು ಎಷ್ಟು ಗ್ರಾಂ ಅಂತ ಹೇಳಿರುತ್ತಾರೆ. ಸಾಮಾನ್ಯ ಕಾರ್ಟ್ರಿಜ್‌ಗಳಿಗೆ 1.5ರಿಂದ 2 ಗ್ರಾಂ ಆಸುಪಾಸು. ಭಾರ ಕಡಿಮೆ ಇಟ್ಟರೆ ರೆಕಾರ್ಡ್ ಸವೆಯುವುದಿಲ್ಲ ಅಂತ ಬಹಳ ಜನ ನಂಬಿದ್ದಾರೆ. ಅದು ತಪ್ಪು. ಹಗುರಾದ ಸೂಜಿ ಗೆರೆಯೊಳಗೆ ನಿಲ್ಲದೆ ಕುಣಿಯುತ್ತದೆ, ಗೋಡೆಗೆ ಬಡಿಯುತ್ತದೆ. ಹಾನಿ ಅದರಿಂದಲೇ ಜಾಸ್ತಿ.

ಎಲ್ಲಕ್ಕಿಂತ ಮುಖ್ಯ, ಕಾರ್ಟ್ರಿಜ್ ಕೂತಿರುವ ಕೋನ. ರೆಕಾರ್ಡಿಗೆ ಗೆರೆ ಕೆತ್ತುವ ಯಂತ್ರದ ತಲೆ ಅಂಚಿನಿಂದ ಒಳಕ್ಕೆ ನೇರ ಗೆರೆಯಲ್ಲಿ ಚಲಿಸುತ್ತದೆ. ನಮ್ಮ ಟರ್ನ್‌ಟೇಬಲ್ ತೋಳು ಒಂದು ಕಡೆ ಕೀಲು ಹಾಕಿಕೊಂಡು ಬಾಗಿಲಿನ ಹಾಗೆ ತಿರುಗುತ್ತದೆ. ಹಾಗಾಗಿ ಇಡೀ ಬದಿಯಲ್ಲಿ ಎರಡೇ ಎರಡು ಜಾಗದಲ್ಲಿ ಸೂಜಿ ಗೆರೆಗೆ ಸರಿಯಾಗಿ ನೇರವಾಗಿರುತ್ತದೆ. ಆ ಎರಡು ಜಾಗ ಸರಿಯಾಗಿ ಬೀಳುವಂತೆ ಕಾರ್ಟ್ರಿಜ್ ಕೂರಿಸಬೇಕು. ಅದಕ್ಕೆ ಅಳತೆ ಹಾಳೆ ಬರುತ್ತದೆ, ಪ್ರೊಟ್ರಾಕ್ಟರ್ ಅನ್ನುತ್ತಾರೆ. ಎರಡು ಸ್ಕ್ರೂ ಸಡಿಲ ಮಾಡಿ, ಹಾಳೆಯ ಚೌಕಕ್ಕೆ ಕಾರ್ಟ್ರಿಜ್ ಅಂಚು ಸಮನಾಗುವವರೆಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸಿ. ಕೂರಿಸಿದ ಮೇಲೆ ಭಾರ ಮತ್ತೆ ಅಳೆಯಿರಿ, ಯಾಕೆಂದರೆ ಸರಿಸಿದಾಗ ಅದೂ ಬದಲಾಗುತ್ತದೆ. ಒಂದು ಗಂಟೆ ಹಿಡಿಯಬಹುದು. ಆತುರ ಬೇಡ.

ಹಿಂದೆ ಯಾರೋ ಸವೆದ ಸೂಜಿಯಲ್ಲಿ ಹಾಕಿ ಗೆರೆಯೇ ಹಾಳಾಗಿದ್ದರೆ ಏನು ಮಾಡಿದರೂ ಸರಿಹೋಗುವುದಿಲ್ಲ. ನಿಮಗೆ ಪೆಟ್ಟಿಗೆಯಲ್ಲಿ ಬಂದವುಗಳಲ್ಲಿ ಅಂಥವು ಕೆಲವು ಇರಬಹುದು.

ತಿರುಗು33:

ಹಳೇ ಎಲ್‌ಪಿಗಳಲ್ಲಿ ಬದಿಯ ಕೊನೆಗೆ ಮೆತ್ತಗಿನ ಹಾಡು ಇಡುತ್ತಿದ್ದದ್ದಕ್ಕೆ ಇದೂ ಒಂದು ಕಾರಣ ಅಲ್ವಾ?

ಸೂಜಿಮೊನೆ:

ಹೌದು. ಅಬ್ಬರದ ಹಾಡು ಹೊರಗೆ, ನಿಧಾನದ್ದು ಒಳಗೆ.

ಕೇಳುಗ:

ಸ್ವಲ್ಪ ಭಿನ್ನವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಎಲ್ಲದಕ್ಕೂ ಫೋನನ್ನು ದೂರುವುದು ನನಗೆ ಒಪ್ಪಿಗೆ ಇಲ್ಲ. ನನಗೆ ಇಷ್ಟವಾದ ಸಂಗೀತದಲ್ಲಿ ಮುಕ್ಕಾಲು ಪಾಲು ಸಿಕ್ಕಿದ್ದು ಸ್ಟ್ರೀಮಿಂಗ್‌ನಲ್ಲಿ, ರೇಡಿಯೋದಲ್ಲಿ. ರೆಕಾರ್ಡಿನಲ್ಲಿ ಬರದೇ ಇರುವ ಸಂಗೀತ ಎಷ್ಟೋ ಇದೆ. ರೆಕಾರ್ಡ್ ಮಾತ್ರ ನಂಬಿಕೊಂಡಿದ್ದರೆ ಅವರನ್ನೆಲ್ಲ ನಾನು ಕೇಳುತ್ತಲೇ ಇರಲಿಲ್ಲ.

ದನಿಯ ಗುಣದ ಮಾತೂ ಅಷ್ಟೇ. ಅಳತೆಯಲ್ಲಿ ಸಿ.ಡಿ.ಯ ಹಿನ್ನೆಲೆ ಸದ್ದು ಎಲ್‌ಪಿಗಿಂತ ಎಷ್ಟೋ ಕಡಿಮೆ. ಅದರಲ್ಲಿ ಮೊದಲ ಹಾಡಿಗೂ ಕೊನೆಯ ಹಾಡಿಗೂ ವ್ಯತ್ಯಾಸವೇ ಇಲ್ಲ. ಇಷ್ಟಾಗಿಯೂ ನನಗೆ ರೆಕಾರ್ಡ್ ಇಷ್ಟ, ಮನೆಯಲ್ಲಿ ಇದೆ, ಹಾಕುತ್ತೇನೆ. ಆದರೆ ಇದೇ ಶುದ್ಧ, ಅದು ಅಶುದ್ಧ ಅನ್ನುವ ಮಾತು ಬೇಡ.

ಎರಡನೇ_ಬದಿ:

ಕೇಳುಗ ಅವರೇ, ಅಳತೆಯ ವಿಷಯದಲ್ಲಿ ನೀವು ಹೇಳಿದ್ದು ಪೂರ್ತಿ ಸರಿ. ಎಲ್‌ಪಿ ಅಂದರೆ ಮೊದಲಿಂದ ಕೊನೆಯವರೆಗೆ ಹೊಂದಾಣಿಕೆಯೇ. ತಗ್ಗಿನ ಸ್ವರಗಳನ್ನು ಇದ್ದ ಹಾಗೇ ಕೆತ್ತಿದರೆ ಗೆರೆ ಅಗಲವಾಗಿ ಓಲಾಡಿ ಜಾಗವೆಲ್ಲ ತಿಂದುಬಿಡುತ್ತದೆ. ಅದಕ್ಕೆ ಕೆತ್ತುವಾಗ ತಗ್ಗನ್ನು ಇಳಿಸಿ, ಮೇಲಿನದನ್ನು ಏರಿಸುತ್ತಾರೆ. ಕೇಳುವಾಗ ಫೋನೋ ಪ್ರಿಆ್ಯಂಪ್, ಅಂದರೆ ಟರ್ನ್‌ಟೇಬಲ್‌ನ ಸಣ್ಣ ಸಂಕೇತವನ್ನು ಹಿಗ್ಗಿಸುವ ಉಪಕರಣ, ಅದನ್ನು ತಿರುಗಾ ಮುರುಗಾ ಮಾಡಿ ಮೂಲಕ್ಕೆ ತರುತ್ತದೆ. 1954ರ ಸುಮಾರಿಗೆ ಇದಕ್ಕೆ ಆರ್‌ಐಎಎ (ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ) ಹೆಸರಿನ ಒಂದೇ ಅಳತೆ ಬಂತು. ಅದಕ್ಕೂ ಮುಂಚೆ ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ. ಸ್ಟೀರಿಯೋದಲ್ಲಿ ತಗ್ಗಿನ ಸ್ವರ ಒಂದೇ ಕಡೆ ಜೋರಾಗಿದ್ದರೆ ಸೂಜಿ ಮೇಲೆ ಕೆಳಗೆ ಎಗರುತ್ತದೆ ಅಂತ ಅದನ್ನು ನಡುವಿಗೆ ತರುತ್ತಾರೆ. ಇಷ್ಟೆಲ್ಲ ಕಟ್ಟುಪಾಡು ಇರುವುದು ನಿಜ.

ನನಗೆ ಮುಖ್ಯವಾದದ್ದು ಬೇರೆ. ಒಂದು ಬದಿ 20 ನಿಮಿಷ ಆಸುಪಾಸು. ಆ 20 ನಿಮಿಷ ನಾನು ಏನೂ ಆಯ್ಕೆ ಮಾಡಬೇಕಾಗಿಲ್ಲ. ಸೂಜಿ ಇಳಿಸುವಾಗ ಒಮ್ಮೆ ಆಯ್ಕೆ ಮಾಡಿದ್ದೇನೆ, ಮುಗಿಯಿತು. ಹಾಡು ಬದಲಿಸಬೇಕೆಂದರೆ ಎದ್ದು ಹೋಗಿ, ತೋಳು ಎತ್ತಿ, ಗೆರೆಗಳ ನಡುವಿನ ನುಣುಪು ಜಾಗ ಹುಡುಕಿ ಇಳಿಸಬೇಕು. ಅಷ್ಟರಲ್ಲಿ ಬೇಜಾರಾದ ಹಾಡು ತನ್ನ ಒಳ್ಳೆಯ ಭಾಗಕ್ಕೆ ಬಂದಿರುತ್ತದೆ. ಕಪ್ಪುತಟ್ಟೆ ಅವರಿಗೆ ಆದದ್ದು ಇದೇ. ಆ ಬೇಸ್ ಮೂರನೇ ತುಣುಕಿನ ನಡುವೆ ಇತ್ತು. ಅರ್ಧ ನಿಮಿಷದಲ್ಲಿ ಅದು ಯಾರಿಗೂ ಸಿಗುವುದಿಲ್ಲ.

ನಾನು ಮಾಡುವುದನ್ನು ಹೇಳುತ್ತೇನೆ. ಹುಡುಕುವುದು ಎಲ್ಲಿ ಬೇಕಾದರೂ ಮಾಡುತ್ತೇನೆ, ಫೋನಿನಲ್ಲೂ ಮಾಡುತ್ತೇನೆ. ತೀರ್ಪು ಕೊಡುವುದು ಮಾತ್ರ ಟರ್ನ್‌ಟೇಬಲ್ ಎದುರು. ಹೊಸ ರೆಕಾರ್ಡ್ ಬಂದರೆ ಮೂರು ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಒಂದೇ ಬದಿ ಹಾಕುತ್ತೇನೆ. ಮೊದಲ ದಿನ ಬರೀ ಸದ್ದು. ಎರಡನೇ ದಿನ ಎಲ್ಲಿ ತಿರುವು ಬರುತ್ತದೆ ಅಂತ ಗೊತ್ತಾಗಿರುತ್ತದೆ. ಮೂರನೇ ದಿನ ಯಾವುದೋ ಒಂದು ಜಾಗಕ್ಕೆ ಕಾಯುತ್ತಿರುತ್ತೇನೆ. ಕಾಯುವ ಜಾಗ ಒಂದೂ ಇಲ್ಲದಿದ್ದರೆ ಬೇರೆಯವರಿಗೆ ಕೊಟ್ಟುಬಿಡುತ್ತೇನೆ. ಮೂರು ಸಲದ ನಂತರವೂ ಹಿಡಿಸದ್ದು ಬಹಳ ಇಲ್ಲ.

ಕೇಳುಗ:

ಹುಡುಕುವುದು ಎಲ್ಲಾದರೂ, ತೀರ್ಪು ಇಲ್ಲಿ. ಇದು ಒಳ್ಳೆ ಮಾತು. ನಾನೂ ಮಾಡಿ ನೋಡುತ್ತೇನೆ.

ಹಳೇಲಕೋಟೆ:

ನೀವೆಲ್ಲ ಎಲ್‌ಪಿಯವರು. ನಾನು 78ರವನು. 1948ರಲ್ಲಿ ಎಲ್‌ಪಿ ಬರುವ ಮುಂಚೆ ಲೋಕವೆಲ್ಲ ಕೇಳುತ್ತಿದ್ದದ್ದು ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ಪ್ಲೇಟು. ಬದಿಗೆ ಮೂರೋ ಮೂರೂವರೆಯೋ ನಿಮಿಷ. ಗಂಟೆಗಟ್ಟಲೆ ಹಾಡಬಲ್ಲವರು ಆ ಮೂರು ನಿಮಿಷಕ್ಕೆ ರಾಗವನ್ನು ತಂದು ಇಡುತ್ತಿದ್ದರು. ಒಂದು ಉಸಿರೂ ವ್ಯರ್ಥ ಇಲ್ಲ. ಹೊಸ ಗಾಯಕರನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಆಲಾಪಕ್ಕೆ ಜಾಗವಿಲ್ಲದಾಗ ಅವರು ಏನನ್ನು ಉಳಿಸಿಕೊಂಡರು ಅನ್ನುವುದರಲ್ಲೇ ಅವರು ಯಾರೆಂದು ಗೊತ್ತಾಗುತ್ತದೆ.

ಆಮೇಲೆ ಎಲ್‌ಪಿ ಬಂದಾಗ ಏನಾಯಿತು ಅಂತ ಕೇಳಬೇಕೆಂದರೆ 1955ರಲ್ಲಿ ಸರೋದ್ ವಾದಕ ಅಲಿ ಅಕ್ಬರ್ ಖಾನ್ ಅಮೆರಿಕಕ್ಕೆ ಹೋದಾಗ ಮುದ್ರಿಸಿದ ಎಲ್‌ಪಿ ಕೇಳಿ. ತಬಲಾ ಚತುರ್ ಲಾಲ್. ಶುರುವಿಗೆ ಪಿಟೀಲಿನ ಯೆಹೂದಿ ಮೆನುಹಿನ್ ತಮ್ಮ ದನಿಯಲ್ಲೇ ಪರಿಚಯ ಮಾಡಿಕೊಡುತ್ತಾರೆ. ಒಂದೊಂದು ಬದಿಗೆ ಒಂದೊಂದು ರಾಗ. ಮೂರು ನಿಮಿಷದ ಪ್ಲೇಟು ಕೇಳಿ ಅಭ್ಯಾಸವಾದ ಕಿವಿಗೆ ಸರೋದ್ ನಿಧಾನವಾಗಿ ಕಾಲು ಚಾಚಿ ಕೂತ ಹಾಗಿರುತ್ತದೆ.

ಈಗ ಒಂದು ನೋವಿನ ಮಾತು. ನನ್ನ ಹಾಗೆ ಇನ್ನೊಬ್ಬರು ಮಾಡಬಾರದು ಅಂತ ಬರೆಯುತ್ತಿದ್ದೇನೆ. ಎಲ್‌ಪಿ ತೊಳೆಯಲು ಆಲ್ಕೋಹಾಲ್ ಬೆರೆಸಿದ ನೀರು ಮಾಡಿಟ್ಟುಕೊಂಡಿದ್ದೆ. ಒಂದು ದಿನ ಯೋಚಿಸದೆ ಅದೇ ಬಟ್ಟೆಯಿಂದ 78ರ ಪ್ಲೇಟೊಂದನ್ನು ಒರೆಸಿದೆ. ಬಟ್ಟೆ ಕಪ್ಪಾಯಿತು. ಎಷ್ಟು ಕೊಳೆ ಇತ್ತು ಅಂದುಕೊಂಡು ಇನ್ನೂ ಒರೆಸಿದೆ. ಅದು ಕೊಳೆ ಅಲ್ಲ, ಪ್ಲೇಟೇ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಹೊಳೆಯುತ್ತಿದ್ದ ಮೈ ಮಂಕಾಯಿತು. ಹಾಕಿದರೆ ಹಾಡಿನ ಮೇಲೆ ಮರಳು ಸುರಿದ ಹಾಗೆ. ಆ ದನಿಯ ಇನ್ನೊಂದು ಪ್ರತಿ ನನಗೆ ಇವತ್ತಿಗೂ ಸಿಕ್ಕಿಲ್ಲ. 78ಕ್ಕೆ ಆಲ್ಕೋಹಾಲ್ ಮುಟ್ಟಿಸಲೇಬೇಡಿ.

ಎಲ್‌ಪಿ ಸೂಜಿಯಲ್ಲಿ 78 ಹಾಕಬೇಡಿ ಅನ್ನುವುದನ್ನೂ ಸೇರಿಸುತ್ತೇನೆ. 78ರ ಗೆರೆ ಎಲ್‌ಪಿಯದಕ್ಕಿಂತ ಎಷ್ಟೋ ಅಗಲ. ಎಲ್‌ಪಿ ಸೂಜಿ ತಳದಲ್ಲಿ ಹೊರಳಾಡಿ ಬರೀ ಧೂಳು ಕೇಳಿಸುತ್ತದೆ. ಬೇರೆ ಸೂಜಿ ಸಿಗುತ್ತದೆ, ಅದನ್ನೇ ಹಾಕಿ.

ಕಪ್ಪುತಟ್ಟೆ:

ಹಳೇಲಕೋಟೆ ಅವರೇ, ಓದಿ ಸಂಕಟವಾಯಿತು. ಬರೆದದ್ದಕ್ಕೆ ಧನ್ಯವಾದ. ನನ್ನ ಪೆಟ್ಟಿಗೆಯಲ್ಲೂ ಭಾರದ ಪ್ಲೇಟುಗಳು ಎರಡಿವೆ. ಅವು ಎಲ್‌ಪಿ ಅಂತಲೇ ತಿಳಿದಿದ್ದೆ. ಇವತ್ತೇ ಬೇರೆ ಇಟ್ಟೆ.

ಎಲ್‌ಪಿಗಳಲ್ಲಿ ಚಟ್ ಚಟ್ ಅನ್ನುವ ಸದ್ದು ಬರುವುದಕ್ಕೆ ಏನು ಮಾಡುತ್ತೀರಿ?

ಸೂಜಿಮೊನೆ:

ಮೊದಲು ಎಣಿಸಿ. ಎರಡು ಚಟ್ ನಡುವೆ ಪ್ರತಿ ಸಲವೂ 1.8 ಸೆಕೆಂಡ್ ಇದ್ದರೆ ಅದು ಗೀರು. ಒಂದು ಸುತ್ತಿಗೆ ಒಮ್ಮೆ ಸೂಜಿ ಅದೇ ಗಾಯ ದಾಟುತ್ತಿದೆ. ಅದಕ್ಕೆ ಮದ್ದಿಲ್ಲ. ಹೊತ್ತುಗೊತ್ತಿಲ್ಲದೆ ಬಂದರೆ ಧೂಳು ಅಥವಾ ಸ್ಥಾಯೀ ವಿದ್ಯುತ್ತು. ಅದಕ್ಕೆ ಮದ್ದಿದೆ. ಪ್ರತಿ ಸಲ ಹಾಕುವ ಮುಂಚೆ ಕಾರ್ಬನ್ ಫೈಬರ್ ಬ್ರಶ್ ಆಡಿಸಿ. ಹಳೆಯದಾದರೆ ಒಮ್ಮೆ ಭಟ್ಟಿ ಇಳಿಸಿದ ನೀರಿನಲ್ಲಿ ತೊಳೆಯಿರಿ. ನಲ್ಲಿ ನೀರು ಒಣಗಿದರೆ ಗೆರೆಯಲ್ಲಿ ಲವಣ ಉಳಿಯುತ್ತದೆ. ಗೆರೆ ಹೋದ ದಿಕ್ಕಿಗೇ ಒರೆಸಿ, ಲೇಬಲ್ ಒದ್ದೆ ಮಾಡಬೇಡಿ. ಪೂರ್ತಿ ಒಣಗಿದ ಮೇಲೆ ಹೊಸ ಒಳಚೀಲಕ್ಕೆ ಹಾಕಿ. ತೊಳೆದ ರೆಕಾರ್ಡನ್ನು ಹಳೆ ಕಾಗದದ ಚೀಲಕ್ಕೆ ತೂರಿಸಿದರೆ ಮಾಡಿದ ಕೆಲಸವೆಲ್ಲ ಹೋಯಿತು. ನೆಟ್ಟಗೆ ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ.

ಆಕಾಶಮಾರ್ಗ:

ತಡವಾಗಿ ಬಂದೆ. ಹುಡುಕುವ ವಿಷಯಕ್ಕೆ ಒಂದು ದಾರಿ ಹೇಳಬೇಕು ಅನ್ನಿಸಿತು.

1977ರಲ್ಲಿ ಎರಡು ವಾಯೇಜರ್ ಬಾಹ್ಯಾಕಾಶ ನೌಕೆಗಳ ಜೊತೆ ಒಂದೊಂದು ರೆಕಾರ್ಡ್ ಕಳಿಸಿದರಲ್ಲ, ಚಿನ್ನದ ಲೇಪ ಹಾಕಿದ ತಾಮ್ರದ್ದು, ಅದು ತಿರುಗುವುದು ನಿಮಿಷಕ್ಕೆ 16⅔ ಸುತ್ತು, ನಮ್ಮ ಎಲ್‌ಪಿಯ ಅರ್ಧ ವೇಗ. ಜೊತೆಗೆ ಕಾರ್ಟ್ರಿಜ್, ಸೂಜಿ ಕೂಡ ಇಟ್ಟಿದ್ದಾರೆ. ಅದರಲ್ಲಿ 55 ಭಾಷೆಗಳ ಶುಭಾಶಯ ಇದೆ. ಕನ್ನಡವೂ ಇದೆ! ಮೊದಲ ಸಲ ಅದನ್ನು ಕೇಳಿದಾಗ ನನಗೆ ಕಣ್ಣು ತುಂಬಿ ಬಂತು. ಅದರಲ್ಲಿರುವ ಸುಮಾರು ಒಂದೂವರೆ ಗಂಟೆಯ ಸಂಗೀತವನ್ನು 2017ರಲ್ಲಿ ಎಲ್‌ಪಿಗಳಾಗಿಯೂ ಹೊರತಂದರು.

ನನ್ನ ಪಾಲಿಗೆ ಅದು ಹೊಸ ಸಂಗೀತದ ನಕ್ಷೆಯೇ ಆಯಿತು. ಹಿಂದೂಸ್ತಾನಿ ಗಾಯಕಿ ಕೇಸರ್‌ಬಾಯಿ ಕೇರ್ಕರ್ ಇದ್ದಾರೆ. ಗೋರೋ ಯಮಗುಚಿ ಅವರ ಶಾಕುಹಾಚಿ ಇದೆ, ಬಿದಿರಿನ ಕೊಳಲು, ಉಸಿರೇ ಸ್ವರವಾದ ಹಾಗೆ. ಬಲ್ಗೇರಿಯಾದ ಜಾನಪದ ಗಾಯಕಿ ವಾಲ್ಯಾ ಬಾಲ್ಕಾನ್‌ಸ್ಕಾ ಇದ್ದಾರೆ. ಜಾರ್ಜಿಯಾದ ಗಂಡಸರ ಮೇಳಗಾನ ಇದೆ. ಜಾವಾದ ಗ್ಯಾಮೆಲಾನ್ ಇದೆ, ಕಂಚಿನ ಗಂಟೆ, ತಟ್ಟೆಗಳ ವಾದ್ಯಮೇಳ. 1927ರಲ್ಲಿ ಬ್ಲೈಂಡ್ ವಿಲ್ಲಿ ಜಾನ್ಸನ್ ಹಾಡಿದ ಒಂದು ತುಣುಕು ಇದೆ. ಹಾಡಿದ ಅನ್ನುವುದು ಸರಿಯಲ್ಲ, ಅದರಲ್ಲಿ ಮಾತೇ ಇಲ್ಲ. ಗಿಟಾರ್ ಜೊತೆ ಗುನುಗುತ್ತಾರೆ, ನರಳುತ್ತಾರೆ. ನಾನು ಮಾಡಿದ್ದು ಇಷ್ಟೇ. ಅದರಲ್ಲಿ ಬಂದ ಒಂದೊಂದನ್ನೂ ಬಾಗಿಲು ಅಂದುಕೊಂಡೆ. ಒಂದು ತಿಂಗಳಿಗೆ ಒಂದು ಬಾಗಿಲು. ಶಾಕುಹಾಚಿಯ ತಿಂಗಳು ಬರೀ ಶಾಕುಹಾಚಿ. ಜಾರ್ಜಿಯಾದ ಮೇಳಗಾನದಲ್ಲಿ ನಾಲ್ಕು ತಿಂಗಳು ಸಿಕ್ಕಿಕೊಂಡೆ. ಅಲ್ಲಿಂದ ಹೊರಬರುವ ಮನಸ್ಸೇ ಆಗಲಿಲ್ಲ.

ತಿರುಗು33:

ತಿಂಗಳಿಗೊಂದು ಬಾಗಿಲು. ನಾಳೆಯಿಂದ ಗ್ಯಾಮೆಲಾನ್.

ಕಪ್ಪುತಟ್ಟೆ:

ಮೂರು ವಾರ ಆಯಿತು. ಏನಾಯಿತು ಅಂತ ಹೇಳಬೇಕಲ್ಲ.

ಪ್ರೊಟ್ರಾಕ್ಟರ್ ಇಟ್ಟು ನೋಡಿದರೆ ನನ್ನ ಕಾರ್ಟ್ರಿಜ್ ಸುಮಾರು ಎರಡು ಮಿಲಿಮೀಟರ್ ಹಿಂದಕ್ಕೆ ಕೂತಿತ್ತು, ಸ್ವಲ್ಪ ಓರೆಯಾಗಿಯೂ ಇತ್ತು. ಒಂದು ಗಂಟೆ ಅಂದಿರಿ, ನನಗೆ ಎರಡೂವರೆ ಗಂಟೆ ಹಿಡಿಯಿತು. ಭಾರವೂ ಕಡಿಮೆ ಇತ್ತು, ಸರಿಮಾಡಿದೆ. ಕೊನೆಯ ಹಾಡುಗಳ ಉಗುಳು ಮುಕ್ಕಾಲು ಪಾಲು ಹೋಯಿತು. ಎರಡು ರೆಕಾರ್ಡುಗಳಲ್ಲಿ ಇನ್ನೂ ಇದೆ. ಅವು ಹಿಂದೆಯೇ ಸವೆದಿರಬೇಕು.

ಆಮೇಲೆ ಮಂದ್ರ ಅವರು ಹೇಳಿದ ಹಾಗೆ 38 ಜಾಕೆಟ್‌ಗಳನ್ನೂ ನೆಲದ ಮೇಲೆ ಬೋರಲು ಹಾಕಿ ಹಿಂದಿನ ಸಣ್ಣ ಅಕ್ಷರ ಓದುತ್ತಾ ಕೂತೆ. ಮೊಣಕಾಲು ನೋವು ಬರುವವರೆಗೆ. ಅವರು ಬರೆದಿದ್ದ ರಾಬರ್ಟಾ ಫ್ಲ್ಯಾಕ್ ಅವರ 1969ರ ಎಲ್‌ಪಿ ನನ್ನ ಬಳಿಯೇ ಇದೆ! ಪೆಟ್ಟಿಗೆಯಲ್ಲಿ ಬಂದದ್ದು. ಯಾರು ಅಂತ ಗೊತ್ತಿಲ್ಲದೆ ಒಮ್ಮೆಯೂ ಹಾಕಿರಲಿಲ್ಲ. ಹಿಂದೆ ಓದಿದರೆ ಬೇಸ್, ರಾನ್ ಕಾರ್ಟರ್.

ತೊಳೆದು ಒಣಗಿಸಿ ರಾತ್ರಿ ಹಾಕಿದೆ. ಮೊದಲ ದಿನ ಬೇಸ್ ಹಿಂದೆಯೇ ಹೋದೆ, ಹಾಡಿದವರ ಕಡೆ ಗಮನವೇ ಇರಲಿಲ್ಲ. ಎರಡನೇ ದಿನ ಅವರ ದನಿ ಕೇಳಿತು. ಎಷ್ಟು ನಿಧಾನ! ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ನಡುವೆ ಅಷ್ಟು ಹೊತ್ತು ಸುಮ್ಮನಿರಲು ಧೈರ್ಯ ಬೇಕು. ನಿನ್ನೆ ಮೂರನೇ ದಿನ. ‘ಎರಡನೇ_ಬದಿ’ ಅವರು ಹೇಳಿದ ಕಾಯುವ ಜಾಗ ಸಿಕ್ಕಿತು. ಎಲ್ಲಿ ಅಂತ ಹೇಳುವುದಿಲ್ಲ, ನೀವೇ ಕೇಳಿ.

ಇನ್ನು ಮೂವತ್ತು ಉಳಿದಿವೆ. ಎರಡು ಭಾರದ ಪ್ಲೇಟುಗಳಿಗೆ ದಪ್ಪ ಸೂಜಿಗೆ ಹೇಳಿದ್ದೇನೆ, ಬಂದ ಮೇಲೆ ಏನಿದೆ ಅಂತ ಇಲ್ಲೇ ಬರೆಯುತ್ತೇನೆ. ಲೇಬಲ್ ಮೇಲಿನ ಹೆಸರು ಮಾಸಿದೆ. ಹಳೇಲಕೋಟೆ ಅವರು ಗುರುತಿಸಬಹುದೇನೋ.

ಹಳೇಲಕೋಟೆ:

ಲೇಬಲ್ ಮಾಸಿದ್ದರೂ ಪರವಾಗಿಲ್ಲ. ಗೆರೆಗಳು ಮುಗಿದು ಲೇಬಲ್ ಶುರುವಾಗುವ ನಡುವಿನ ನುಣುಪು ಪಟ್ಟಿಯನ್ನು ದೀಪಕ್ಕೆ ಓರೆಯಾಗಿ ಹಿಡಿಯಿರಿ. ಅಲ್ಲಿ ಕೆತ್ತಿದ ಅಂಕಿಗಳು ಕಾಣುತ್ತವೆ. ಅವನ್ನು ಬರೆದು ಕಳಿಸಿ, ಹುಡುಕೋಣ. ಒರೆಸುವಾಗ ಬರೀ ನೀರು.